ಕ್ಲೌದ್ಯನ ಅಪ್ಪಣೆ, ಅಕ್ವಿಲನ ಅಂಗಡಿ

ಭಾನುವಾರದ ಆರಾಧನೆ – ವಾಕ್ಯ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 18:1-4, 18-19, 24-26, ರೋಮಾಪುರದವರಿಗೆ 16:3-5

ಎಲ್ಲರೂ ಕೂತ್ಕೊಳ್ಳಿ. ಬೇರೆ ಬೇರೆ ದೇಶದಲ್ಲಿ ಕೂತು ಇದನ್ನು ಕೇಳುವ, ಆಮೇಲೆ ಓದುವ ನಮ್ಮ ಸಭೆಯ ಮಕ್ಕಳಿಗೂ ಸ್ತೋತ್ರ. ನಿಮ್ಮನ್ನ ಮರೆತಿಲ್ಲ. ಇವತ್ತಿನ ವಾಕ್ಯ ಮುಖ್ಯವಾಗಿ ನಿಮಗೇ.

ಒಂದು ನಿಮಿಷ ಕಣ್ಣು ಮುಚ್ಚೋಣ. ತಂದೆಯೇ, ಇಲ್ಲಿ ಕೆಲವರ ಬಾಯಲ್ಲಿ ಹಾಡಿದೆ, ಎದೆಯಲ್ಲಿ ಭಾರ ಇದೆ. ನನ್ನ ಜಾಣತನ ಬೇಡ, ನಿನ್ನ ವಾಕ್ಯ ಮಾತಾಡಲಿ. ಯೇಸುವಿನ ನಾಮದಲ್ಲಿ, ಆಮೆನ್.

ಬೈಬಲ್ ತೆಗೀರಿ. ಅಪೊಸ್ತಲರ ಕೃತ್ಯಗಳು, 18ನೇ ಅಧ್ಯಾಯ, ಮೊದಲ ನಾಲ್ಕು ವಚನ. ಫೋನಲ್ಲಿ ತೆಗೆಯುವವರು ನೋಟಿಫಿಕೇಶನ್ ಆಫ್ ಮಾಡಿ. ಇಲ್ಲಾಂದ್ರೆ ಪೌಲನ ಮಧ್ಯೆ ಸ್ವಿಗ್ಗಿ ಬರ್ತಾನೆ.

[ಸಭೆ ವಾಕ್ಯಭಾಗವನ್ನು ಓದಿತು]

ಆಮೆನ್. ವಾಕ್ಯಕ್ಕೆ ಹೋಗುವ ಮೊದಲು ಒಂದು ಮಾತು. ನಮ್ಮ ಪ್ರಾರ್ಥನಾ ಗ್ರೂಪಿನಲ್ಲಿ ಮೊದಲೆಲ್ಲಾ ಬರುತ್ತಿದ್ದ ವಿನಂತಿಗಳು ಯಾವುವು? ಅಮ್ಮನ ಆಪರೇಶನ್, ತಂಗಿ ಮದುವೆ, ಸೆಮಿಸ್ಟರ್ ಎಕ್ಸಾಮ್. ಈಗ ನೋಡಿದರೆ ಎರಡಕ್ಕೆ ಒಂದು ವೀಸಾ. "ಪಾಸ್ಟರ್, ಸ್ಟಾಂಪಿಂಗ್ ಡೇಟ್ ಮುಂದಕ್ಕೆ ಹೋಯ್ತು." "ಪಾಸ್ಟರ್, ಸಂಬಳದ ಲಿಮಿಟ್ ಏರಿಸಿದ್ದಾರೆ, ರಿನ್ಯೂ ಆಗುತ್ತೋ ಇಲ್ವೋ." "ಪಾಸ್ಟರ್, ಕೆಲಸ ಹೋಯ್ತು, 60 ದಿನ ಇದೆ." ಇದು ದೂರದ ಸುದ್ದಿ ಅಲ್ಲ. ಇಲ್ಲಿ ಕೂತಿರುವವರ ಮನೆ ಸುದ್ದಿ.

2025ರ ಸೆಪ್ಟೆಂಬರ್ 19 ನೆನಪಿದೆಯಾ? ಅಮೆರಿಕದ ಅಧ್ಯಕ್ಷರು ಒಂದು ಘೋಷಣೆಗೆ ಸಹಿ ಹಾಕಿದರು. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು, ಸೆಪ್ಟೆಂಬರ್ 21ರಿಂದಲೇ ಜಾರಿ. ಅಲ್ಲಿ ಶುಕ್ರವಾರ, ನಮಗೆ ಶನಿವಾರ ಬೆಳಗ್ಗೆ. ನಮ್ಮ ಒಬ್ಬ ತಮ್ಮ ತಂಗಿ ಮದುವೆಗೆ ಅಂತ ಊರಿಗೆ ಬಂದಿದ್ದ. ಬೆಳಗ್ಗೆ ಎದ್ದಾಗ ಕಂಪನಿಯಿಂದ ಮೇಲ್: ಗಡುವಿನೊಳಗೆ ವಾಪಸ್ ಬನ್ನಿ. ಆ ಮಧ್ಯಾಹ್ನದ ಟಿಕೆಟ್ ಹೇಳಿದಷ್ಟು ದುಡ್ಡು ಕೊಟ್ಟು ತಗೊಂಡ. ಮದುವೆ ಸೀರೆ ಮಡಚುತ್ತಿದ್ದ ಅಮ್ಮ ಬಾಗಿಲಲ್ಲಿ ನಿಂತು ಅತ್ತರು. ಅವನು ಮಧ್ಯದ ಒಂದು ಏರ್‌ಪೋರ್ಟಿನಲ್ಲಿ ಇಳಿಯುವಷ್ಟರಲ್ಲಿ ಅಮೆರಿಕದಿಂದ ಸ್ಪಷ್ಟನೆ ಬಂತು: ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅಲ್ಲ. ನನಗೆ ವಾಯ್ಸ್ ಮೆಸೇಜ್ ಕಳಿಸಿದ. ಮಾತಿರಲಿಲ್ಲ, ಉಸಿರು ಮಾತ್ರ ಕೇಳ್ತಿತ್ತು. ಕೊನೆಗೆ "ಅಣ್ಣಾ, ತಂಗಿ ಮದುವೆ ತಪ್ಪೋಯ್ತು" ಅಂದ. ಅಷ್ಟೇ.

ಇನ್ನೊಬ್ಬ ತಂಗಿ. ಬ್ರಿಟನ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸ. ಆ ಕೆಲಸಕ್ಕೆ ಹೋಗುವವರು ಗಂಡ, ಮಕ್ಕಳನ್ನು ಕರ್ಕೊಂಡು ಹೋಗುವಂತಿಲ್ಲ ಅಂತ 2024ರ ಮಾರ್ಚ್ 11ರಿಂದ ನಿಯಮ ಬಂತು. ಮೂರು ವರ್ಷದ ಮಗುವನ್ನು ಅಜ್ಜಿ ಹತ್ರ ಬಿಟ್ಟು ಹೋದಳು. 2025ರ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ಬೇಕಾದ ಸಂಬಳ 2024ರಲ್ಲಿ 26,200 ಪೌಂಡಿನಿಂದ 38,700ಕ್ಕೆ ಏರಿತು, 2025ರಲ್ಲಿ 41,700ಕ್ಕೆ. ಕಾಗದದ ಮೇಲೆ ಇವು ಅಂಕಿ. ಆ ತಂಗಿಗೆ ಇವು ಮಗುವಿನ ಮುಖ ನೋಡುವ ದಿನದ ಲೆಕ್ಕ.

ಪ್ರಿಯರೇ, ಬೈಬಲ್ ಇಂಥವರ ಬಗ್ಗೆ ಏನಾದರೂ ಹೇಳುತ್ತಾ? ಹೇಳುತ್ತೆ. ನೀವು ಈಗ ಓದಿದ ಎರಡನೇ ವಚನದಲ್ಲಿ ಒಬ್ಬ ಗಂಡ ಹೆಂಡತಿ ಇದ್ದಾರೆ. ಅಕ್ವಿಲ, ಪ್ರಿಸ್ಕಿಲ್ಲ. ಅಕ್ವಿಲ ಹುಟ್ಟಿದ್ದು ಪೊಂತದಲ್ಲಿ, ಅಂದ್ರೆ ಕಪ್ಪು ಸಮುದ್ರದ ದಂಡೆ, ಇವತ್ತಿನ ಟರ್ಕಿಯ ಉತ್ತರ ಭಾಗ. ಅಲ್ಲಿಂದ ರೋಮ್‌ಗೆ ಬಂದಿದ್ದ. ಕೈಯಲ್ಲಿ ಕಸಬಿತ್ತು, ಗುಡಾರ ಮಾಡುವುದು. ಇವತ್ತಿನ ಭಾಷೆಯಲ್ಲಿ ಹೇಳಿ, ಏನು ಅವನು? ಸ್ಕಿಲ್ಡ್ ವರ್ಕರ್! ಆಮೆನ್? ಆಮೇಲೆ ಒಂದು ದಿನ ಕ್ಲೌದ್ಯ ಚಕ್ರವರ್ತಿಯ ಅಪ್ಪಣೆ: ಯೆಹೂದ್ಯರು ರೋಮ್ ಬಿಡಬೇಕು. ಇದು ಸುಮಾರು ಕ್ರಿ.ಶ. 49ರಲ್ಲಿ ಆಗಿದ್ದು ಅಂತ ಪಂಡಿತರು ಹೇಳ್ತಾರೆ. ಬೈಬಲ್ ಮಾತ್ರ ಅಲ್ಲ, ಸ್ಯೂಟೋನಿಯಸ್ ಅನ್ನುವ ರೋಮಿನ ಇತಿಹಾಸಕಾರನೂ ಇದನ್ನ ಬರೆದಿದ್ದಾನೆ. ಊರಲ್ಲಿ ಏನೋ ಗಲಾಟೆ ಆಯ್ತಂತೆ. ಗಲಾಟೆ ಮಾಡಿದವರು ಯಾರೋ, ಅಂಗಡಿ ಮುಚ್ಚಿದವನು ಅಕ್ವಿಲ.

ಇವತ್ತು ಈ ಕುಟುಂಬದಿಂದ ಮೂರು ವಿಷಯ ಕಲಿಯೋಣ.

ಮೊದಲನೆಯದು: ಅಪ್ಪಣೆ ನಿಜ, ನೋವೂ ನಿಜ.

ಲೂಕನು ಈ ಸಂಗತಿಯನ್ನು ಹೇಗೆ ಬರೆಯುತ್ತಾನೆ ನೋಡಿ. ಚಕ್ರವರ್ತಿ ಅಪ್ಪಣೆ ಕೊಟ್ಟ, ಅದಕ್ಕೇ ಇವರು ಬಂದರು. ಮುಗೀತು. ಅವರ ನಂಬಿಕೆ ಕಮ್ಮಿಯಿತ್ತು, ಅದಕ್ಕೆ ರೋಮ್ ಕೈತಪ್ಪಿತು ಅಂತ ಬರೆದಿದ್ದಾನಾ? ಇಲ್ಲ. ಮನೆಯಲ್ಲಿ ಏನೋ ಶಾಪ ಇತ್ತು ಅಂತ ಬರೆದಿದ್ದಾನಾ? ಇಲ್ಲ. ರಾಜನ ಅಪ್ಪಣೆಯನ್ನು ರಾಜನ ಅಪ್ಪಣೆ ಅಂತಲೇ ಬರೆದ. ಹಾಗಾದರೆ ನಾವು ಯಾಕೆ ವೀಸಾ ರಿಜೆಕ್ಟ್ ಆದವರನ್ನು ನೋಡಿ "ಬ್ರದರ್, ಎಲ್ಲೋ ಒಂದು ಕಡೆ ನಿಮ್ಮ ಆತ್ಮಿಕ ಜೀವನದಲ್ಲಿ..." ಅಂತ ಶುರು ಮಾಡ್ತೀವಿ? ಎಚ್-1ಬಿಗೆ ವರ್ಷಕ್ಕೆ ಇರುವುದು 85,000 ಸೀಟು. 65,000 ಸಾಮಾನ್ಯ, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ 20,000. ಅರ್ಜಿ ಅದಕ್ಕಿಂತ ಎಷ್ಟೋ ಹೆಚ್ಚು, ಅದಕ್ಕೇ ಲಾಟರಿ. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ, ಅದಕ್ಕೇ ನಮ್ಮವರು ಹತ್ತು ವರ್ಷಕ್ಕಿಂತ ಹೆಚ್ಚು ಕ್ಯೂನಲ್ಲಿ ನಿಂತಿದ್ದಾರೆ. ಇದು ಲೆಕ್ಕ, ಪ್ರಿಯರೇ. ಲೆಕ್ಕವನ್ನು ಪಾಪ ಅಂತ ಕರೀಬೇಡಿ.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ತಂಗಿಯ ಅನುಮತಿ ಕೇಳಿಯೇ ಹೇಳ್ತಾ ಇದ್ದೀನಿ. ಕೆಲವು ವರ್ಷದ ಹಿಂದೆ ಉಪವಾಸ ಪ್ರಾರ್ಥನೆಯಲ್ಲಿ ಅವಳು ಪಾಸ್‌ಪೋರ್ಟ್ ತಂದು ವೇದಿಕೆ ಮೇಲೆ ಇಟ್ಟಳು. ಅಮೆರಿಕದ ಒಂದು ಕಂಪನಿ ಅವಳ ಹೆಸರನ್ನು ಲಾಟರಿಗೆ ಹಾಕಿತ್ತು. ಹಾಡು ಜೋರಾಗಿತ್ತು, ಜನ ಅಳ್ತಾ ಇದ್ರು. ನಾನು ಪಾಸ್‌ಪೋರ್ಟ್ ಮೇಲೆ ಕೈ ಇಟ್ಟು "ಈ ವರ್ಷವೇ ನೀನು ಹೋಗುತ್ತೀ, ಕರ್ತನು ಹೇಳುತ್ತಿದ್ದಾನೆ" ಅಂದೆ. ಎಲ್ಲರೂ ಆಮೆನ್ ಅಂದ್ರು. ಅವಳು ನಂಬಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಲಾಟರಿಯಲ್ಲಿ ಹೆಸರು ಬರಲಿಲ್ಲ. ನಿಧಾನಕ್ಕೆ ಸಭೆಗೆ ಬರೋದು ನಿಲ್ಲಿಸಿದಳು. ಮೂರು ತಿಂಗಳಾದ ಮೇಲೆ ನಾನೇ ಫೋನ್ ಮಾಡಿದೆ. ಒಂದೇ ಪ್ರಶ್ನೆ ಕೇಳಿದಳು: "ಪಾಸ್ಟರ್, ಸುಳ್ಳು ಹೇಳಿದ್ದು ದೇವರಾ, ನೀವಾ?"

ಬೈಬಲ್ ಕಾಲೇಜಿನಲ್ಲಿ ಈ ಪ್ರಶ್ನೆಗೆ ನೋಟ್ಸ್ ಕೊಟ್ಟಿರಲಿಲ್ಲ. "ನಾನಮ್ಮಾ" ಅಂದೆ. "ಕರ್ತನು ಹೇಳಿರಲಿಲ್ಲ. ನಿನಗೆ ಸಿಗಲಿ ಅನ್ನುವ ನನ್ನ ಆಸೆಗೆ ಆತನ ಹೆಸರು ಹಾಕಿಬಿಟ್ಟೆ. ನನ್ನನ್ನು ಕ್ಷಮಿಸು."

ಪವಿತ್ರಾತ್ಮನು ಇವತ್ತೂ ಮಾತಾಡುತ್ತಾನೆ. ಅದರಲ್ಲಿ ನನಗೆ ಸಂಶಯ ಇಲ್ಲ. ನಾವು ಪೆಂಟೆಕೋಸ್ಟಲ್ ಜನ, ಪ್ರವಾದನೆಯನ್ನು ನಂಬುವವರು. ಆದರೆ ಪ್ರವಾದನೆಯನ್ನು ಪರಿಶೀಲಿಸಿ ಅಂತಲೂ ಅದೇ ವಾಕ್ಯ ಹೇಳುತ್ತೆ. ಯಾಕೋಬನ ಪತ್ರಿಕೆ, 4ನೇ ಅಧ್ಯಾಯ, 13ರಿಂದ 15 ಮನೆಗೆ ಹೋಗಿ ಓದಿ. ಇವತ್ತೋ ನಾಳೆಯೋ ಆ ಊರಿಗೆ ಹೋಗ್ತೀವಿ, ಒಂದು ವರ್ಷ ಇದ್ದು ದುಡೀತೀವಿ ಅನ್ನುವವರಿಗೆ ಅವನು ಬುದ್ಧಿ ಹೇಳ್ತಾನೆ: ನಾಳೆ ನಿಮ್ಮ ಕೈಯಲ್ಲಿಲ್ಲ, ಕರ್ತನ ಚಿತ್ತವಾದರೆ ಅಂತ ಸೇರಿಸಿ ಮಾತಾಡಿ. ನಮ್ಮ ವೀಸಾ ಪ್ರಾರ್ಥನೆಗೆ ಇದಕ್ಕಿಂತ ನೇರವಾದ ವಾಕ್ಯ ಬೇಕಾ? ವೀಸಾಕ್ಕೆ ಪ್ರಾರ್ಥನೆ ಮಾಡೋದು ತಪ್ಪಲ್ಲ. ಅಪ್ಪನ ಹತ್ರ ಮಗು ಏನು ಬೇಕಾದರೂ ಕೇಳಬಹುದು. ಅಪ್ಪ ಕೊಟ್ಟೇಬಿಟ್ಟ ಅಂತ ಪಕ್ಕದ ಮನೆಯವರು ಬಂದು ಹೇಳೋದು ತಪ್ಪು. ಯಾರ ಪ್ರವಾದನೆ ಕೇಳಿಯೂ, ನನ್ನದನ್ನೂ ಸೇರಿಸಿ, ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಎರಡನೆಯದು: ಊರು ಹೋಯಿತು, ಕಸಬು ಹೋಗಲಿಲ್ಲ.

ರೋಮ್ ಬಿಟ್ಟ ಅಕ್ವಿಲ ಕೊರಿಂಥದಲ್ಲಿ ಏನು ಮಾಡಿದ? ಗುಡಾರವೇ ಮಾಡಿದ. ಪೌಲನಿಗೂ ಅದೇ ಕಸಬು, ಅದಕ್ಕೇ ಪೌಲ ಅವರ ಮನೆಯಲ್ಲೇ ಉಳಿದು ಜೊತೆಗೆ ಕೆಲಸ ಮಾಡಿದ. ಯೋಚನೆ ಮಾಡಿ. ಅಪೊಸ್ತಲನಾದ ಪೌಲನಿಗೆ ಕೊರಿಂಥದಲ್ಲಿ ಇಬ್ಬರು ಆಪ್ತರು ಸಿಕ್ಕಿದ್ದು ಕಾರ್ಖಾನೆಯಂಥ ಒಂದು ಅಂಗಡಿಯಲ್ಲಿ, ಹೊಲಿಗೆಯ ನಡುವೆ.

ಕ್ಲೌದ್ಯನಿಗೆ ಅವರನ್ನು ರೋಮಿನಿಂದ ಕಳಿಸುವ ಅಧಿಕಾರ ಇತ್ತು. ಅಕ್ವಿಲನ ಕೈಯಲ್ಲಿದ್ದ ಕಸಬನ್ನು ಕಿತ್ತುಕೊಳ್ಳುವ ಅಧಿಕಾರ ಇರಲಿಲ್ಲ. ತಮ್ಮಂದಿರೇ, ತಂಗಿಯರೇ, ನಿಮ್ಮ ಕೋಡಿಂಗ್, ನಿಮ್ಮ ನರ್ಸಿಂಗ್, ನಿಮ್ಮ ಅಕೌಂಟ್ಸ್, ಇದೆಲ್ಲಾ ಪಾಸ್‌ಪೋರ್ಟಿನ ಸ್ಟಾಂಪಿನೊಳಗೆ ಇಲ್ಲ. ಸ್ಟಾಂಪ್ ಮುಗಿದ ದಿನ ನೀವು ಮುಗಿಯಲ್ಲ. ನಮ್ಮ ಊರಿನ ಸಮಸ್ಯೆ ಏನಂದರೆ ಮನುಷ್ಯನ ಬೆಲೆಯನ್ನೇ ವೀಸಾದಲ್ಲಿ ಅಳೀತೀವಿ. ಹುಡುಗ ಏನು ಮಾಡ್ತಾನೆ ಅಂದ್ರೆ "ಎಚ್-1ಬಿ" ಅಂತಾರೆ. ಅದು ಕೆಲಸಾನಾ? ಅದೊಂದು ಫಾರಂ!

ಪ್ರಿಸ್ಕಿಲ್ಲಳನ್ನೂ ನೋಡಿ. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಸಲ ಬರುತ್ತೆ. ಆರು ಸಲವೂ ಇಬ್ಬರದೂ ಜೊತೆಗೇ ಬರುತ್ತೆ. ಅಕ್ವಿಲ ಮತ್ತು ಡಿಪೆಂಡೆಂಟ್ ಅಂತ ಎಲ್ಲೂ ಬರೆದಿಲ್ಲ. ಗಂಡನ ಜೊತೆ ಹೋಗಲು ಒಳ್ಳೆ ಕೆಲಸ ಬಿಟ್ಟು, ವರ್ಷಗಟ್ಟಲೆ ಮನೆಯಲ್ಲಿ ಕೂತು "ನಾನು ಯಾರು" ಅಂತ ಕೇಳಿಕೊಳ್ಳುವ ತಂಗಿಯರು ಇದನ್ನು ಕೇಳಿ. ಸರ್ಕಾರದ ಫಾರಂನಲ್ಲಿ ನಿಮ್ಮ ಹೆಸರು ಯಾವ ಕಾಲಂನಲ್ಲಿದೆಯೋ, ಕರ್ತನ ಪುಸ್ತಕದಲ್ಲಿ ನೀವು ಆ ಕಾಲಂನಲ್ಲಿ ಇಲ್ಲ. ಅಪೊಲ್ಲೋಸ ಎಂಬ ದೊಡ್ಡ ವಾಗ್ಮಿ ಎಫೆಸಕ್ಕೆ ಬಂದಾಗ ಅವನನ್ನು ಮನೆಗೆ ಕರೆದು, ದೇವರ ಮಾರ್ಗವನ್ನು ಸರಿಯಾಗಿ ತಿಳಿಸಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು. ಹಲ್ಲೆಲೂಯಾ!

ಕಸಬಿನ ಜೊತೆ ಪ್ರಾಮಾಣಿಕತೆಯನ್ನೂ ಬಿಡಬೇಡಿ. ನಿಯಮ ಬಿಗಿಯಾದಾಗೆಲ್ಲಾ ಅಡ್ಡದಾರಿಯ ಅಂಗಡಿ ತೆರೆಯುತ್ತೆ. ಇಲ್ಲದ ಅನುಭವಕ್ಕೆ ಲೆಟರ್, ಇಲ್ಲದ ಕೆಲಸಕ್ಕೆ ಆಫರ್. "ಇಷ್ಟು ಲಕ್ಷ ಕೊಡಿ, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಿಸ್ತೀನಿ" ಅಂತಾರೆ. ಸ್ಪಾನ್ಸರ್‌ಶಿಪ್ ದುಡ್ಡಿಗೆ ಮಾರುವ ವಸ್ತು ಅಲ್ಲ. ಮಾರುವವನು ಮೋಸಗಾರ, ಅವನು ಸ್ತೋತ್ರ ಬ್ರದರ್ ಅಂದರೂ ಅಷ್ಟೇ. ಒಂದು ಮನೆಯವರು ತಾಯಿಯ ಒಡವೆ ಅಡವಿಟ್ಟು ಇಂಥವನಿಗೆ ಕೊಟ್ಟರು. ಈಗ ಅವನ ಫೋನ್ ಸ್ವಿಚ್ ಆಫ್, ಬಡ್ಡಿ ಮಾತ್ರ ಆನ್. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ದುಡ್ಡು ಕೊಡುವ ಮೊದಲು ಐದು ನಿಮಿಷ ಅದನ್ನು ನೋಡಿ. ಪ್ರಾರ್ಥನೆ ಮಾಡಿ ಸುಳ್ಳು ಕಾಗದ ಕೊಟ್ಟರೆ, ಆ ಕಾಗದಕ್ಕೆ ಕರ್ತನು ಸಾಕ್ಷಿ ಹಾಕುವುದಿಲ್ಲ.

ಮೂರನೆಯದು: ಎಲ್ಲಿ ಹೋದರೂ ಮನೆ ಬಾಗಿಲು ತೆರೆದರು.

ಇದು ನನ್ನ ಎದೆಗೆ ಹೆಚ್ಚು ತಾಕಿದ್ದು. ನಕ್ಷೆ ಹಾಕಿಕೊಳ್ಳಿ. ಪೊಂತ, ರೋಮ್, ಕೊರಿಂಥ. ಅಲ್ಲಿಂದ ಪೌಲನ ಜೊತೆ ಎಫೆಸ. ಎಫೆಸದಿಂದ ಪೌಲ ಕೊರಿಂಥದವರಿಗೆ ಪತ್ರ ಬರೆಯುವಾಗ ಇವರ ಮನೆಯಲ್ಲಿ ಸೇರುವ ಸಭೆಯ ವಂದನೆ ಕಳಿಸುತ್ತಾನೆ. ಆಮೇಲೆ ರೋಮಾಪುರದವರಿಗೆ ಬರೆಯುವಾಗ, 16ನೇ ಅಧ್ಯಾಯದಲ್ಲಿ, ಇವರು ಮತ್ತೆ ರೋಮ್‌ನಲ್ಲಿದ್ದಾರೆ! ಅಲ್ಲೂ ಅವರ ಮನೆಯಲ್ಲಿ ಸಭೆ. ಪೌಲನ ಪ್ರಾಣ ಉಳಿಸಲು ತಮ್ಮ ಕುತ್ತಿಗೆಯನ್ನೇ ಒಡ್ಡಿದವರು ಅಂತ ಅವನು ಕೃತಜ್ಞತೆ ಹೇಳ್ತಾನೆ. ತಿಮೊಥೆಗೆ ಬರೆದ ಎರಡನೇ ಪತ್ರಿಕೆಗೆ ಬಂದರೆ ಅವರು ಪುನಃ ರೋಮ್‌ನಲ್ಲಿ ಇದ್ದಂತೆ ಕಾಣಲ್ಲ, ಪೌಲ ಅವರಿಗೆ ದೂರದಿಂದ ವಂದನೆ ಹೇಳಿ ಕಳಿಸ್ತಾನೆ.

ಒಂದು ಎಚ್ಚರಿಕೆ. ಕ್ರಿ.ಶ. 54ರಲ್ಲಿ ಕ್ಲೌದ್ಯ ಸತ್ತ, ಇವರು ರೋಮ್‌ಗೆ ವಾಪಸ್ ಹೋದರು. ಇದನ್ನು ಹಿಡ್ಕೊಂಡು "ಸಿಸ್ಟರ್, ಐದು ವರ್ಷದಲ್ಲಿ ನಿಮಗೂ ಅಮೆರಿಕ ವಾಪಸ್" ಅಂತ ನಾನು ಹೇಳಬಹುದು. ಹೇಳಲ್ಲ. ಒಂದು ಸಲ ಹೇಳಿ ಕಲಿತಿದ್ದೀನಿ. ವಾಕ್ಯ ಕೊಡದ ವಾಗ್ದಾನವನ್ನು ನಾನು ಕೊಡುವಂತಿಲ್ಲ. ವಾಕ್ಯ ಕೊಡುವುದು ಬೇರೆ: ರೋಮ್ ಹೋದರೂ ಕರ್ತನು ಹೋಗಲಿಲ್ಲ. ಕೊರಿಂಥದ ಬಾಡಿಗೆ ಮನೆಯಲ್ಲಿ ಆತನಿದ್ದ. ಎಫೆಸದಲ್ಲಿ ಇದ್ದ. ಸಾಮ್ರಾಜ್ಯ ಬಾಗಿಲು ಹಾಕಿದ ಗಂಡ ಹೆಂಡತಿ ಹೋದ ಹೋದ ಕಡೆ ಬಾಗಿಲು ತೆರೆದರು. ನಮ್ಮನ್ನು ಓಡಿಸಿದರು, ನಾವು ಯಾಕೆ ಇನ್ನೊಬ್ಬರನ್ನ ಸೇರಿಸಬೇಕು ಅಂತ ಕೂತಿದ್ದರೆ? ಪೌಲನಿಗೆ ಕೊರಿಂಥದಲ್ಲಿ ಇಳಿಯಲು ಮನೆ ಇರ್ತಿರಲಿಲ್ಲ.

ಈಗ ಪ್ರಶ್ನೆ ನಮ್ಮ ಸಭೆಗೆ. ವಾಪಸ್ ಬಂದವರಿಗೆ ನಾವು ಯಾವ ಮನೆ? ಹೋಗುವಾಗ ವೇದಿಕೆ ಮೇಲೆ ಕರೆದು, ಶಾಲು ಹೊದಿಸಿ, ಫೋಟೋ ಹಾಕ್ತೀವಿ. ವಾಪಸ್ ಬಂದಾಗ ಅವರು ಕೊನೇ ಸಾಲಿನಲ್ಲಿ ಕೂತು, ಕೊನೆಯ ಹಾಡಿಗೆ ಎದ್ದು ಹೋಗಿಬಿಡ್ತಾರೆ. ಯಾಕೆ? "ಯಾಕೆ ಬಂದ್ರಿ? ರಜಾನಾ? ಯಾವಾಗ ವಾಪಸ್?" ಈ ಮೂರು ಪ್ರಶ್ನೆಗೆ ಹೆದರಿ. ಇವತ್ತಿನಿಂದ ಈ ಸಭೆಯಲ್ಲಿ ಆ ಮೂರು ಪ್ರಶ್ನೆ ಬೇಡ. "ಊಟ ಆಯ್ತಾ? ಮನೆಗೆ ಬನ್ನಿ" ಸಾಕು. ಉಳಿದದ್ದನ್ನು ಅವರಾಗೇ ಹೇಳ್ತಾರೆ, ಹೇಳಬೇಕು ಅನ್ನಿಸಿದಾಗ.

ಈ ವಾರಕ್ಕೆ ನಾಲ್ಕು ಕೆಲಸ. ಬರ್ಕೊಳ್ಳಿ.

ಒಂದು, ವೀಸಾ ಸುದ್ದಿಯನ್ನು ವಾಟ್ಸಾಪ್ ಫಾರ್ವರ್ಡ್‌ನಲ್ಲಿ ಓದಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ದೇಶದ ಸರ್ಕಾರದ ವೆಬ್‌ಸೈಟ್ ನೋಡಿ, ಇಲ್ಲವೇ ನಿಮ್ಮ ಕಂಪನಿಯ ವಕೀಲರನ್ನು ಕೇಳಿ. ನಮ್ಮ ಆ ತಮ್ಮನಂತೆ ಒಂದು ದಿನದ ಗಾಬರಿಯಲ್ಲಿ ತಂಗಿ ಮದುವೆ ಕಳಕೊಂಡವರು ಬಹಳ. ತಪ್ಪು ಅವನದಲ್ಲ, ಆದರೆ ಮುಂದಿನ ಸಲ ಒಂದು ಫೋನ್ ಕರೆಯಷ್ಟಾದರೂ ತಡೆಯೋಣ.

ಎರಡು, ಸಾಲದ ನಿಜವಾದ ಅಂಕಿಯನ್ನು ಮನೆಯವರಿಗೆ ಹೇಳಿ. ಎಜುಕೇಶನ್ ಲೋನ್ ಎಷ್ಟು, ಕೈಯಲ್ಲಿ ಎಷ್ಟು ತಿಂಗಳ ಖರ್ಚಿಗಿದೆ. ಅಪ್ಪ ಬೇಜಾರು ಮಾಡ್ಕೋತಾರೆ ಅಂತ ಮುಚ್ಚಿಡಬೇಡಿ. ಅಪ್ಪನಿಗೆ ಬ್ಯಾಂಕಿನವರು ಹೇಳುವುದಕ್ಕಿಂತ ನೀವು ಹೇಳೋದು ವಾಸಿ. ಅಪ್ಪಂದಿರೇ, ಅಮ್ಮಂದಿರೇ, ಮಗ ಹೇಳಿದಾಗ "ಪಕ್ಕದ ಮನೆಯವರ ಮಗ ಇನ್ನೂ ಅಲ್ಲೇ ಇದ್ದಾನಲ್ಲ" ಅನ್ನಬೇಡಿ. ಆ ಒಂದು ಮಾತು ಮಕ್ಕಳನ್ನು ಎಂಥಾ ಕತ್ತಲೆಗೆ ತಳ್ಳುತ್ತೆ ಅಂತ ರಾತ್ರಿ ಎರಡು ಗಂಟೆಗೆ ಬರುವ ಕರೆಗಳಲ್ಲಿ ನಾನು ಕೇಳಿದ್ದೀನಿ.

ಮೂರು, ಕತ್ತಲೆ ತುಂಬಾ ಆಯ್ತು, ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಇರಬೇಡಿ. ನನಗೆ ಕರೆ ಮಾಡಿ, ಡಾಕ್ಟರ್ ಹತ್ರ ಹೋಗಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಡಾಕ್ಟರ್ ಹತ್ರ ಹೋಗೋದು ಅಪನಂಬಿಕೆ ಅಲ್ಲ. ಈ ಪುಸ್ತಕ ಬರೆದ ಲೂಕನೇ ವೈದ್ಯ.

ನಾಲ್ಕು, ಮುಂದಿನ ಶನಿವಾರ ಸಂಜೆ ನಮ್ಮ ಮನೆಯಲ್ಲಿ ಊಟ. ವಾಪಸ್ ಬಂದವರು, ಕಾಯ್ತಾ ಇರುವವರು, ಕೆಲಸ ಹೋದವರು ಬನ್ನಿ. ಭಾಷಣ ಇರಲ್ಲ. ನಾನೂ ಸೋಮವಾರದಿಂದ ಶುಕ್ರವಾರ ಲಾಗಿನ್ ಆಗುವವನೇ, ನನಗೂ ಭಾಷಣ ಸಾಕಾಗಿರುತ್ತೆ. ನಿಮ್ಮ ಕಂಪನಿಯಲ್ಲಿ ಖಾಲಿ ಹುದ್ದೆ ಇದ್ದರೆ ಆ ಪಟ್ಟಿ ತನ್ನಿ. ಮನೆಯಲ್ಲಿ ಒಂದು ರೂಮ್ ಖಾಲಿ ಇದ್ದವರು ನನಗೆ ಹೇಳಿ. ಅಕ್ವಿಲನ ಅಂಗಡಿ ಅಂದರೆ ಇಷ್ಟೇ. ಕೆಲಸ, ಊಟ, ಮಲಗಲು ಜಾಗ, ಮಧ್ಯದಲ್ಲಿ ಯೇಸು.

ಆ ತಂಗಿ ವಿಷಯ ಪೂರ್ತಿ ಮಾಡ್ತೀನಿ. ಅವಳಿಗೆ ಅಮೆರಿಕ ಸಿಗಲಿಲ್ಲ. ಇದು "ಆದರೆ ದೇವರು ಅದಕ್ಕಿಂತ ದೊಡ್ಡದು ಕೊಟ್ಟರು" ಅನ್ನುವ ಸಾಕ್ಷಿ ಅಲ್ಲ. ಏಳು ತಿಂಗಳು ಕೆಲಸ ಇರಲಿಲ್ಲ. ಈಗ ಇಲ್ಲೇ ಒಂದು ಕೆಲಸ ಇದೆ, ಮೊದಲಿಗಿಂತ ಸಂಬಳ ಕಮ್ಮಿ. ಆದರೆ ಕಳೆದ ತಿಂಗಳು ಮೇಲ್ ಬಂದು ಕೆಲಸ ಕಳೆದುಕೊಂಡು ವಾಪಸ್ ಬಂದ ಒಬ್ಬ ಹುಡುಗಿಯ ಬ್ಯಾಗ್ ಎತ್ತಲು ಏರ್‌ಪೋರ್ಟಿಗೆ ಹೋದವಳು ಅವಳೇ. ಬೆಳಗಿನ ಜಾವ ನಾಲ್ಕು ಗಂಟೆ. ನಾನು ಹೇಳಿರಲಿಲ್ಲ. ನನಗೆ ಆಮೇಲೆ ಗೊತ್ತಾಯ್ತು. ಯಾಕೆ ಹೋದೆ ಅಂದೆ. "ಪಾಸ್ಟರ್, ನನಗೆ ಯಾರೂ ಬಂದಿರಲಿಲ್ಲ" ಅಂದಳು.

[ಸ್ವಲ್ಪ ಹೊತ್ತು ಮೌನ]

ಎದ್ದು ನಿಲ್ಲೋಣ. ಕೀಬೋರ್ಡ್ ಮೆತ್ತಗೆ ಇರಲಿ. ಪಾಸ್‌ಪೋರ್ಟ್ ತಂದಿರುವವರು ಇದ್ದೀರಿ ಅಂತ ನನಗೆ ಗೊತ್ತು. ಬ್ಯಾಗಲ್ಲೇ ಇರಲಿ. ಇವತ್ತು ಕೈ ಖಾಲಿ ಎತ್ತೋಣ.

ತಂದೆಯೇ, ನಿನ್ನ ಮಗನು ಎಳೆಗೂಸಾಗಿದ್ದಾಗಲೇ ಒಬ್ಬ ಅರಸನ ಅಪ್ಪಣೆಗಾಗಿ ರಾತ್ರೋರಾತ್ರಿ ಐಗುಪ್ತಕ್ಕೆ ಹೋದವನು. ಪರದೇಶದ ನೋವು ನಿನಗೆ ಗೊತ್ತು. ಕಾಯುತ್ತಿರುವವರಿಗೆ ತಾಳ್ಮೆ ಕೊಡು, ನಿನ್ನ ಚಿತ್ತವಾದರೆ ಬಾಗಿಲು ತೆರೆ. ಮುಚ್ಚಿದರೆ ಮುಚ್ಚಿದ ಬಾಗಿಲ ಮುಂದೆ ಒಬ್ಬರನ್ನೇ ನಿಲ್ಲಿಸಬೇಡ. ಮಗುವನ್ನು ಬಿಟ್ಟು ದುಡಿಯುವ ತಾಯಿಯನ್ನು ನೋಡಿಕೋ, ಆ ಮಗುವನ್ನೂ ನೋಡಿಕೋ. ನಿಯಮ ಬರೆಯುವವರಿಗೆ ನ್ಯಾಯದ ಬುದ್ಧಿ ಕೊಡು. ನಿನ್ನ ಹೆಸರಿನಲ್ಲಿ ನೀನು ಹೇಳದ್ದನ್ನು ಹೇಳಿದ ನಮ್ಮ ಬಾಯಿಗಳನ್ನು ಕ್ಷಮಿಸು. ಈ ಸಭೆಯನ್ನು ಅಕ್ವಿಲ ಪ್ರಿಸ್ಕಿಲ್ಲರ ಮನೆಯಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಪಕ್ಕದವರ ಕೈ ಹಿಡಿದು ಒಂದೇ ಮಾತು ಹೇಳಿ: "ಮನೆಗೆ ಬನ್ನಿ." ಹೇಳಿದ ಮೇಲೆ ನಿಜವಾಗಿಯೂ ಕರೀರಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.